ಪರ್ವತಪ್ರಸಂಗದಲ್ಲಿ ಕೋಪವಿಚಾರ

ಕೋಪವನ್ನು ನಿಂದಿಸದ ಧರ್ಮಗ್ರಂಥವು ದುರ್ಲಭ. ಅರಿಷಡ್ವರ್ಗಗಳಲ್ಲಿ ಕ್ರೋಧಕ್ಕೆ ಎರಡನೆಯ ಸ್ಥಾನವೆಂಬುದನ್ನು ಕನ್ನಡದ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆದುದರಿಂದ ಕೋಪವು ಕೆಟ್ಟದೆಂದು ಸಾರಿದ ಮಾತ್ರಕ್ಕೆ ಯಾವ ಗ್ರಂಥಕ್ಕೂ ವಿಶೇಷವಾದ ಹಿರಿಮೆ ಬರಲಾರದು. ಕೋಪಿಷ್ಠನು ನುಸುಳಿಕೊಂಡು ಹೋಗುವ ಬಾಗಿಲುಗಳಲ್ಲಿ ಯಾವುದನ್ನು ಅದು ಮುಚ್ಚುತ್ತದೆ ಎಂಬುದರಿಂದಲೇ ಅದರ ಸತ್ತ್ವವನ್ನು ಅಳೆಯಬೇಕು. ಈ ದೃಷ್ಟಿಯಿಂದ ಮತ್ತಾಯನ ಸುವಾರ್ತೆಯ ೫ನೆಯ ಅಧ್ಯಾಯದ ೨೧ರಿಂದ ೨೪ರವರೆಗಿನ ವಾಕ್ಯಗಳು ಸೂಕ್ಷ್ಮವಾದ ಪರಿಶೀಲನೆಗೆ ಯೋಗ್ಯವಾಗಿವೆ.

ಪ್ರಸಂಗವು ನರಹತ್ಯೆಯನ್ನು ನಿಷೇಧಿಸುವ ಹಳೆಯ ಆಜ್ಞೆಯಿಂದ ಮೊದಲಾಗುತ್ತದೆ. ಕೊಲೆಗಾರನಲ್ಲದ ಶ್ರೋತೃವು ಅಲ್ಲಿ ನಿಶ್ಚಿಂತನಾಗಿರುತ್ತಾನೆ. ಮರುಕ್ಷಣದಲ್ಲಿಯೇ ಯೇಸುವು ಸಹೋದರನ ಮೇಲೆ ಕೋಪಗೊಂಡವನನ್ನೂ, ಅವನನ್ನು ‘ರಕಾ’ ಎಂದವನನ್ನೂ, ‘ಮೂರ್ಖ’ ಎಂದವನನ್ನೂ ವಿಚಾರಣೆಗೆ ಎಳೆಯುತ್ತಾನೆ. ‘ರಕಾ’ ಎಂಬುದು ಅರಮೇಯ ಭಾಷೆಯ ಬೈಗಳು. ತಲೆಯಲ್ಲಿ ಹುರುಳಿಲ್ಲದವನೆಂದು ಅದರ ಭಾವ. ಬೈಗಳುಗಳಲ್ಲಿ ಹೆಚ್ಚಿನ ಅಂತರವಿಲ್ಲ. ಶಿಕ್ಷೆಯಾದರೋ ನ್ಯಾಯಸ್ಥಾನದಿಂದ ಹಿರಿಸಭೆಗೂ, ಅಲ್ಲಿಂದ ಗೆಹೆನ್ನದ ಬೆಂಕಿಗೂ ಏರುತ್ತದೆ. ದಿನವೂ ಮನೆಯೊಳಗೆ ಕೇಳಿಬರುವ ಮಾತುಗಳಿಗೆ ಇಂತಹ ದಂಡನೆಯನ್ನು ಜೋಡಿಸಿದುದರಿಂದ, ನಿಶ್ಚಿಂತನಾಗಿದ್ದ ಶ್ರೋತೃವೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ಇಲ್ಲಿಯೇ ಒಂದು ಪಾಠಾಂತರವು ಎದುರಾಗುತ್ತದೆ. ಅನೇಕ ಗ್ರೀಕ್ ಹಸ್ತಪ್ರತಿಗಳಲ್ಲಿ ‘ಕೋಪಗೊಳ್ಳುವವನು’ ಎಂಬುದರ ಜೊತೆಗೆ ‘ನಿಷ್ಕಾರಣವಾಗಿ’ ಎಂಬರ್ಥದ ಪದವೊಂದುಂಟು. ೧೬೧೧ರ ಇಂಗ್ಲಿಷ್ ಭಾಷಾಂತರದಲ್ಲಿ ಅದು ಇದೆ. ೧೮೮೧ರ ಪರಿಷ್ಕರಣದ ಮೂಲಪಾಠದಲ್ಲಿ ಇಲ್ಲ. ೪ನೆಯ ಶತಮಾನದ ವಾಟಿಕನ್ ಪ್ರತಿಯಲ್ಲಿಯೂ, ಸಿನಾಯ್ ಪ್ರತಿಯ ಮೊದಲ ಬರವಣಿಗೆಯಲ್ಲಿಯೂ ಅದು ಕಾಣದು. ಜೆರೋಮನು ೩೯೮ರ ತನ್ನ ವ್ಯಾಖ್ಯಾನದಲ್ಲಿ ಈ ಪದವನ್ನು ತೆಗೆದುಹಾಕಬೇಕೆಂದನು. ಅಗಸ್ತೀನನು ಮೊದಲು ಆ ಪದವನ್ನಿಟ್ಟುಕೊಂಡೇ ಅರ್ಥ ಹೇಳಿ, ವೃದ್ಧಾಪ್ಯದಲ್ಲಿ ಸ್ವಂತ ಗ್ರಂಥಗಳನ್ನು ತಾನೇ ತಿದ್ದುವಾಗ, ಗ್ರೀಕ್ ಪ್ರತಿಗಳಲ್ಲಿ ಅದಿಲ್ಲವೆಂದು ಒಪ್ಪಿಕೊಂಡನು. ೫ನೆಯ ಶತಮಾನದ ಕಾಸಿಯನನ ವಿಮರ್ಶೆ ಇನ್ನೂ ಹರಿತವಾದುದು: ಕೋಪಗೊಂಡವರಲ್ಲಿ ತನ್ನ ಕೋಪಕ್ಕೆ ಕಾರಣವಿಲ್ಲವೆನ್ನುವವನು ಯಾರು?

ಪದವು ಚಿಕ್ಕದು; ಆದರೆ ಇಡಿಯ ಬೋಧೆಯು ಅದರ ಮೇಲೆ ನಿಂತಿದೆ. ಆ ಪದವಿದ್ದರೆ ಪ್ರತಿಯೊಬ್ಬನೂ ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗುತ್ತಾನೆ; ಇಲ್ಲವಾದರೆ ಆ ಪೀಠವು ಅವನಿಗೆ ದೊರೆಯದು. ಕಠಿನವಾದ ವಾಕ್ಯವನ್ನು ಮೃದುಮಾಡಲೆಂದು ಲಿಪಿಕಾರನೊಬ್ಬನು ಪದವನ್ನು ಸೇರಿಸುವುದು ಸಹಜ. ಸುಗಮವಾದುದನ್ನು ಬೇಕೆಂದೇ ಕಠಿನಗೊಳಿಸುವುದು ಅಪರೂಪ. ಪಾಠಶೋಧಕರಲ್ಲಿ ಬಹುಮಂದಿ ಪದರಹಿತವಾದ ಪಾಠವನ್ನೇ ಮೂಲವೆಂದು ಹಿಡಿದಿರುವುದು ಯುಕ್ತವಾಗಿದೆ.

ಮುಂದಿನ ಚಿತ್ರವು ಈ ಪಾಠಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಕಾಣಿಕೆಯನ್ನು ಬಲಿಪೀಠದ ಬಳಿಗೆ ತಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಅವನು ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನಮಾಡಿಕೊಂಡು ಬರಬೇಕು. ಶ್ರೋತೃಗಳಲ್ಲಿ ಗಲಿಲಾಯದವರು ಅನೇಕರು, ಬಲಿಪೀಠವಿದ್ದುದು ಯೆರೂಸಲೇಮಿನಲ್ಲಿ. ಸಮಾರ್ಯದ ಹತ್ತಿರದ ದಾರಿಯಿಂದಲೂ ಅದು ಮೂರು ದಿನಗಳ ಪಯಣವೆಂದು ಯೋಸೇಫನೆಂಬ ಯೆಹೂದ್ಯ ಇತಿಹಾಸಕಾರನು ಬರೆದಿದ್ದಾನೆ. ಕಾಣಿಕೆಯನ್ನು ಬಿಟ್ಟು ಊರಿಗೆ ನಡೆದು, ರಾಜಿಯಾಗಿ, ಮತ್ತೆ ಅಷ್ಟು ದೂರ ಬರುವುದೆಂದರೆ ಒಂದು ವಾರದ ಮಾತು. ದೃಷ್ಟಾಂತದ ಬಲವೆಲ್ಲ ಈ ಅಸಾಧ್ಯಪ್ರಾಯವಾದ ದೂರದಲ್ಲಿದೆ.

ಇನ್ನೊಂದು ಸೂಕ್ಷ್ಮವನ್ನು ವಾಚಕರು ಗಮನಿಸದೆ ದಾಟಿಹೋಗುವುದುಂಟು. ಮಾತು ಮೊದಲಾದುದು ತನ್ನ ಕೋಪದಿಂದ. ಮುಗಿಯುವುದು ಇನ್ನೊಬ್ಬನ ಮನನೋವಿನಲ್ಲಿ. ಪೀಠದ ಮುಂದೆ ನಿಂತವನು ಪ್ರಾಯಶಃ ಶಾಂತನಾಗಿಯೇ ಇದ್ದಾನೆ. ಆದರೂ ಅವನು ಹಿಂದಿರುಗಬೇಕು. ಕೋಪವನ್ನು ಜಯಿಸಿದೆನೆಂಬ ತೃಪ್ತಿಗೆ ಇಲ್ಲಿ ಸ್ಥಳವಿಲ್ಲ. ಮಾರ್ಕನ ೧೧ನೆಯ ಅಧ್ಯಾಯವು ಇದರ ಮಗ್ಗುಲನ್ನು ತೋರಿಸುತ್ತದೆ: ಪ್ರಾರ್ಥನೆಗೆ ನಿಂತಾಗ ತನಗೆ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಬೇಕೆಂದು ಅಲ್ಲಿನ ಬೋಧೆ. ಒಂದು ಕಡೆ ಕ್ಷಮೆ ಕೊಡುವುದು, ಇನ್ನೊಂದು ಕಡೆ ಕ್ಷಮೆಗಾಗಿ ನಡೆಯುವುದು. ಎರಡೂ ಪ್ರಾರ್ಥನೆಯ ಪೂರ್ವಾಂಗಗಳು.

ಕ್ರಿ. ಶ. ೭೦ರಲ್ಲಿ ದೇವಾಲಯವು ನಾಶವಾಯಿತು. ಬಲಿಪೀಠವಿಲ್ಲದ ಕಾಲಕ್ಕೂ ಈ ಮಾತು ಉಳಿದು, ಜಗಳವಾಡಿದವರು ರಾಜಿಯಾಗುವವರೆಗೆ ಸಭೆಯ ಆರಾಧನೆಯಲ್ಲಿ ಸೇರಕೂಡದೆಂದು ‘ದಿದಖೆ’ ಎಂಬ ಪ್ರಾಚೀನ ಕೈಪಿಡಿಯು ವಿಧಿಸಿತು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯು ಕೋಪವಿಲ್ಲದೆ ಕೈಗಳನ್ನೆತ್ತಿ ಪ್ರಾರ್ಥಿಸಬೇಕೆನ್ನುತ್ತದೆ. ಎಫೆಸದವರಿಗೆ ಬರೆದ ಪತ್ರಿಕೆಯು ಮನುಷ್ಯನ ಬಲಹೀನತೆಯನ್ನು ಬಲ್ಲುದಾಗಿ, ಕೋಪ ಬಂದರೂ ಸೂರ್ಯಾಸ್ತಕ್ಕೆ ಅದು ಮುಗಿಯಲೆಂದು ಗಡುವನ್ನಿಡುತ್ತದೆ. ಯಾಕೋಬನ ಪತ್ರಿಕೆಯಾದರೋ ಮನುಷ್ಯನ ಕೋಪದಿಂದ ದೇವರ ನೀತಿ ನೆರವೇರದೆಂದು ಧರ್ಮಕೋಪದ ನೆವವನ್ನೇ ಕಿತ್ತುಹಾಕುತ್ತದೆ.

ಇಷ್ಟಾದರೂ ಒಂದು ಆಕ್ಷೇಪವು ಉಳಿಯುತ್ತದೆ. ಅದೇ ಮತ್ತಾಯನ ೨೩ನೆಯ ಅಧ್ಯಾಯದಲ್ಲಿ ಯೇಸುವೇ ಶಾಸ್ತ್ರಿಗಳನ್ನೂ ಫರಿಸಾಯರನ್ನೂ ‘ಮೂರ್ಖರು’ ಎನ್ನುತ್ತಾನೆ. ಮಾರ್ಕನ ೩ನೆಯ ಅಧ್ಯಾಯದಲ್ಲಿ ಸಭಾಮಂದಿರದವರನ್ನು ಕೋಪದಿಂದ ನೋಡುತ್ತಾನೆ. ಎರಡನೆಯದಕ್ಕೆ ಸಮಾಧಾನವುಂಟು: ಅಲ್ಲಿ ಕೋಪದೊಡನೆ ವ್ಯಥೆಯೂ ಇದೆ, ಅದರ ಫಲವಾಗಿ ಬತ್ತಿಹೋದ ಒಬ್ಬನ ಕೈ ಗುಣವಾಯಿತೇ ಹೊರತು ಯಾರಿಗೂ ಪೆಟ್ಟು ಬೀಳಲಿಲ್ಲ. ಮೊದಲನೆಯದನ್ನು ಪ್ರವಾದಿಯ ಖಂಡನೆಯೆಂದು ವ್ಯಾಖ್ಯಾನಿಸುವುದುಂಟು. ಆದರೂ ತೊಡಕು ಪೂರ್ತಿಯಾಗಿ ಬಿಡದು. ಗ್ರಂಥಸಂಪಾದಕನು ಅದನ್ನು ಮರೆಮಾಚದೆ ಇಟ್ಟುದು ಅವನ ಪ್ರಾಮಾಣಿಕತೆಗೆ ಸಾಕ್ಷಿ.

ಕ್ರೋಧವನ್ನು ಅಂತಶ್ಶತ್ರುವೆಂದು ಎಣಿಸುವಾಗ ಹೋರಾಟವು ಒಬ್ಬನ ಎದೆಯೊಳಗೆ ನಡೆಯುತ್ತದೆ. ಈ ವಾಕ್ಯಗಳು ಅದನ್ನು ಅಷ್ಟಕ್ಕೆ ಬಿಡದೆ ಸಹೋದರನ ಮನೆಯ ಬಾಗಿಲಿಗೆ ಒಯ್ಯುತ್ತವೆ. ಅಲ್ಲಿಯವರೆಗೆ ಪ್ರಾರ್ಥನೆಯೂ ಕಾಯಬೇಕು. ಕಾಣಿಕೆಯು ಪೀಠದ ಮುಂದೆಯೇ ಇರುತ್ತದೆ.