ನಂಜುಂಡಪ್ಪ ವರದಿ ಅಳೆಯದೆ ಬಿಟ್ಟದ್ದು

ಕಲ್ಯಾಣ ಕರ್ನಾಟಕದಲ್ಲಿ ಅನುದಾನದ ಮಾತು ಎಲ್ಲೇ ಎದ್ದರೂ ಡಾ. ಡಿ.ಎಂ. ನಂಜುಂಡಪ್ಪನವರ ಹೆಸರು ಬಂದೇ ಬರುತ್ತದೆ. ಪ್ರಾದೇಶಿಕ ಅಸಮತೋಲನದ ಕುರಿತ ಅವರ ವರದಿ ಜಾರಿ ಮಾಡಿದ್ದೇವೆ ಎಂದು ಆಡಳಿತ ಪಕ್ಷ ಹೇಳುತ್ತದೆ, ಮಾಡಿಲ್ಲ ಎಂದು ವಿರೋಧ ಪಕ್ಷ ಹೇಳುತ್ತದೆ. ಚುನಾವಣೆ ಮುಗಿದು ಕುರ್ಚಿ ಬದಲಾದರೆ ಮಾತೂ ಅದಲುಬದಲಾಗುತ್ತದೆ. 2002ರ ಜೂನ್‌ನಲ್ಲಿ ಸಲ್ಲಿಕೆಯಾದ ಆ ವರದಿಯ ಅಂಕಿಗಳು ಇಲ್ಲಿನ ಓದುಗರಿಗೆ ಬಾಯಿಪಾಠ: 175 ತಾಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ, ಅದರಲ್ಲಿ ಗುಲ್ಬರ್ಗಾ ವಿಭಾಗಕ್ಕೆ ಶೇ 40. ಎರಡು ದಶಕ ಕಳೆದರೂ ನಮ್ಮ ಜಗಳವೆಲ್ಲ ಜಾರಿ ಆಯಿತೋ ಇಲ್ಲವೋ ಎಂಬುದರ ಸುತ್ತಲೇ ನಡೆದಿದೆ. ವರದಿಯೊಳಗೇ ಇರುವ ಒಂದು ದೊಡ್ಡ ಕೊರತೆಯನ್ನು ಯಾರೂ ಎತ್ತಿಲ್ಲ. ಶಾಲೆ, ಆಸ್ಪತ್ರೆ, ಸಾರಿಗೆಗೆ ಹೋಗಬೇಕಾದ ಮಾಮೂಲಿ ಹಣವನ್ನು ಸರ್ಕಾರ ಸದ್ದಿಲ್ಲದೆ ಕಡಿಮೆ ಮಾಡಿದರೆ ಅದನ್ನು ಹಿಡಿಯುವ ಉಪಾಯ ಈ ವರದಿಯಲ್ಲಿ ಇಲ್ಲ. ಇಷ್ಟು ದೊಡ್ಡ ಹೆಸರಿಗೆ ಅದು ಪಾತ್ರವಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ವರದಿಯ ಪ್ರತಿಷ್ಠೆ ನಿಂತಿರುವುದು ಅದರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕದ ಮೇಲೆ. ಒಟ್ಟು 35 ಮಾನದಂಡ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿರುವ ತಾಲೂಕು ಹಿಂದುಳಿದದ್ದು, 0.80ಕ್ಕೂ ಕೆಳಗಿರುವುದು ಅತ್ಯಂತ ಹಿಂದುಳಿದದ್ದು. ಮಾನದಂಡಗಳನ್ನು ಒಂದೊಂದಾಗಿ ಓದಿ ನೋಡಬೇಕು. ಹತ್ತು ಸಾವಿರ ಜನರಿಗೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ. ಲಕ್ಷ ಜನರಿಗೆ ಎಷ್ಟು ಟೆಲಿಫೋನು, ಎಷ್ಟು ವಾಹನ, ಎಷ್ಟು ಬ್ಯಾಂಕ್ ಶಾಖೆ. ಜನಸಂಖ್ಯೆಯಲ್ಲಿ ಪಟ್ಟಣವಾಸಿಗಳು ಶೇಕಡಾ ಎಷ್ಟು. ಇವೆಲ್ಲ ಊರು ದೊಡ್ಡದಾದಲ್ಲಿ ತಾವೇ ಏರುವ ಸಂಖ್ಯೆಗಳು. ತಾಲೂಕಿನೊಳಗೆ ಒಂದು ದೊಡ್ಡ ನಗರವಿದ್ದರೆ ವೈದ್ಯರ ಲೆಕ್ಕದಲ್ಲಿ, ವಾಹನದ ಲೆಕ್ಕದಲ್ಲಿ, ಬ್ಯಾಂಕಿನ ಲೆಕ್ಕದಲ್ಲಿ, ಕೊನೆಗೆ ನಗರವಾಗಿರುವ ಲೆಕ್ಕದಲ್ಲೂ ಅದೇ ನಗರ ಮತ್ತೆ ಮತ್ತೆ ಎಣಿಕೆಗೆ ಬರುತ್ತದೆ. ಆಗಿನ ಗುಲ್ಬರ್ಗಾ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಒಂಬತ್ತು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿದವು. ಹೊರಗುಳಿದದ್ದು ಗುಲ್ಬರ್ಗಾ ತಾಲೂಕು ಒಂದೇ. ಹೊರಗುಳಿಸಿದ್ದು ನಗರದ ಅಂಕಿಗಳು. ಪಟ್ಟಿ ತಪ್ಪಿದ್ದು ನಗರದ ಅಂಚಿನ ನಂದೂರಿಗೆ, ಹುಮನಾಬಾದ್ ರಸ್ತೆಯ ಕಮಲಾಪುರಕ್ಕೆ, ಮಳೆ ನಂಬಿ ತೊಗರಿ ಬಿತ್ತುವ ಹತ್ತಾರು ಹಳ್ಳಿಗಳಿಗೆ. ನಂದೂರ-ಕೆಸರಟಗಿಯಲ್ಲಿ ಕೈಗಾರಿಕಾ ಪ್ರದೇಶವಿದೆ ಎಂದಾದರೆ ಅದೂ ತಾಲೂಕಿನ ಪ್ರಗತಿಯೇ. ಪಕ್ಕದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಎಷ್ಟು ತರಗತಿಗೆ ಎಷ್ಟು ಮಂದಿ ಶಿಕ್ಷಕರು ಎಂಬುದು ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಕಮಲಾಪುರ 2018ರಲ್ಲಿ ತಾಲೂಕಾಯಿತು. ತಾಲೂಕುಗಳ ಸಂಖ್ಯೆ ಈಗ 230 ದಾಟಿದೆ, ನಾವು ಮಾತ್ರ ಇನ್ನೂ 175ರ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ವಾದಿಸುತ್ತಿದ್ದೇವೆ. 2024ರ ಡಿಸೆಂಬರ್‌ನಲ್ಲಿ ಈಗ ಕಲಬುರಗಿ ಎಂದು ಕರೆಯುವ ಅದೇ ಗುಲ್ಬರ್ಗಾ ನಗರದಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಯಿತು. ಅದರಿಂದ ಈ ಭಾಗಕ್ಕೆ ನಿಜವಾದ ಉಪಕಾರವಾಗಿದೆ, ಎರಡು ಮಾತಿಲ್ಲ. ಆದರೆ ಹಳೆಯ ಸೂಚ್ಯಂಕಕ್ಕೆ ಆ ಹಾಸಿಗೆಗಳನ್ನು ಸೇರಿಸಿದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿದ್ದರೂ ಇಡೀ ತಾಲೂಕು ಮುಂದುವರಿದಂತೆ ಕಾಣುತ್ತದೆ.

ಇದಕ್ಕಿಂತ ದೊಡ್ಡ ದೋಷ ಆ 31,000 ಕೋಟಿಯ ಒಳಗೇ ಇದೆ. ಅದರಲ್ಲಿ 16,000 ಕೋಟಿ ಮಾತ್ರ ವಿಶೇಷ ಅಭಿವೃದ್ಧಿ ಯೋಜನೆಯದು. ಉಳಿದ 15,000 ಕೋಟಿ ಇಲಾಖೆಗಳ ಮಾಮೂಲಿ ಬಜೆಟ್ಟಿನಿಂದ ಬರಬೇಕಾದದ್ದು. ಹೇಗಿದ್ದರೂ ಬರಬೇಕಾದ ಹಣವನ್ನೂ ಹೆಚ್ಚುವರಿ ಹಣವನ್ನೂ ಕೂಡಿಸಿ ಒಂದೇ ಮೊತ್ತ ಮಾಡಿದ ಕ್ಷಣದಲ್ಲೇ, ಒಂದನ್ನು ಕಡಿಮೆ ಮಾಡಿ ಇನ್ನೊಂದರಿಂದ ತುಂಬುವುದಕ್ಕೆ ದಾರಿ ತೆರೆಯಿತು. ವಿಶೇಷ ಯೋಜನೆ ಶುರುವಾದದ್ದೇ 2007-08ರಲ್ಲಿ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ರಚನೆಯಾದ ಮೇಲೂ ಲೆಕ್ಕದ ಈ ಗೊಂದಲ ಹಾಗೇ ಮುಂದುವರಿಯಿತು. ಮಂಡಳಿಯ ಹಣ ಶಾಲಾ ಕೊಠಡಿಗೆ ಹೋಯಿತು, ಅಂಗನವಾಡಿ ಕಟ್ಟಡಕ್ಕೆ ಹೋಯಿತು; ‘ಅಕ್ಷರ ಆವಿಷ್ಕಾರ’ ಯೋಜನೆಯ ಹೆಸರಿನಲ್ಲಿ ಅತಿಥಿ ಶಿಕ್ಷಕರ ಗೌರವಧನಕ್ಕೂ ಹೋಯಿತು. ಮಕ್ಕಳಿಗೆ ಪಾಠ ಹೇಳುವವರು ಸಿಕ್ಕರು, ಅದನ್ನು ಬೇಡವೆನ್ನುವಂತಿಲ್ಲ. ಆದರೆ ಕಾಯಂ ಶಿಕ್ಷಕರ ಸಂಬಳ ಶಿಕ್ಷಣ ಇಲಾಖೆಯ ಬಜೆಟ್ಟಿನಿಂದ ಬರಬೇಕು. ಆ ಹುದ್ದೆ ಖಾಲಿ ಬಿಟ್ಟು, ಅಲ್ಲಿಗೆ ಮಂಡಳಿಯ ಹಣದಲ್ಲಿ ಗೌರವಧನದ ಶಿಕ್ಷಕರನ್ನು ಕಳಿಸಿದರೆ ಇಲಾಖೆಗೆ ಸಂಬಳ ಉಳಿಯಿತು, ಪ್ರದೇಶಕ್ಕೆ ವಿಶೇಷ ಅನುದಾನ ಕೊಟ್ಟೆವೆಂಬ ಹೆಸರೂ ಬಂತು. ಇದು ಖರ್ಚಿನ ಕಡಿತವೇ. ಯಾವ ಆದೇಶವೂ ಹೊರಡದ್ದರಿಂದ ಯಾರೂ ಇದನ್ನು ಕಡಿತ ಎಂದು ಕರೆಯುತ್ತಿಲ್ಲ.

ಆದೇಶ ಹೊರಟ ಸಂದರ್ಭವೂ ಉಂಟು. 2020ರ ಜುಲೈಯಲ್ಲಿ ಕೋವಿಡ್ ಕಾಲದ ಮಿತವ್ಯಯದ ಕಾರಣ ಕೊಟ್ಟು ಆರ್ಥಿಕ ಇಲಾಖೆ ಆ ಸಾಲಿನ ನೇರ ನೇಮಕಾತಿಗಳನ್ನು ತಡೆಹಿಡಿಯಿತು. ಕಲ್ಯಾಣ ಕರ್ನಾಟಕಕ್ಕೆ ಮೀಸಲಾದ ಹುದ್ದೆಗಳನ್ನೂ ಬಿಡಲಿಲ್ಲ. ಸಿ ವೃಂದದಲ್ಲಿ ಶೇ 80, ಡಿ ವೃಂದದಲ್ಲಿ ಶೇ 85 ಸ್ಥಳೀಯರಿಗೆ ಎಂದು ಸಂವಿಧಾನದ ತಿದ್ದುಪಡಿಯ ಬಲದಿಂದ ಪಡೆದ ಮೀಸಲಾತಿ, ಭರ್ತಿಯೇ ನಿಂತ ಮೇಲೆ ಯಾರಿಗೆ ದಕ್ಕಬೇಕು? ಇಲ್ಲಿ ಬೆಂಗಳೂರಿನ ಕೆಲವು ಆರ್ಥಿಕ ವಿಶ್ಲೇಷಕರೊಂದಿಗೆ ನನ್ನ ಜಗಳವಿದೆ. ಈ ಭಾಗಕ್ಕೆ ಕೊಟ್ಟ ಹಣವೇ ಖರ್ಚಾಗುವುದಿಲ್ಲ, ಖರ್ಚು ಮಾಡಲು ಬಾರದವರಿಗೆ ಇನ್ನಷ್ಟು ಏಕೆ ಎಂಬುದು ಅವರ ವಾದ. ಮಂಡಳಿಯ ಹಣ ವರ್ಷದ ಕೊನೆಗೆ ಉಳಿದದ್ದು ಸುಳ್ಳಲ್ಲ. ಆದರೆ ಕ್ರಿಯಾ ಯೋಜನೆಗೆ ಅಂದಾಜುಪಟ್ಟಿ ಬರೆಯಬೇಕಾದ ಎಂಜಿನಿಯರ್ ಯಾರು, ಟೆಂಡರ್ ಕಡತ ನಡೆಸಬೇಕಾದ ನೌಕರ ಯಾರು, ಮುಗಿದ ಕೆಲಸಕ್ಕೆ ಬಿಲ್ ಪಾಸು ಮಾಡಬೇಕಾದವರು ಯಾರು? ಅದೇ ಖಾಲಿ ಹುದ್ದೆಗಳವರು. ಒಬ್ಬ ಅಧಿಕಾರಿಗೆ ಎರಡು ಮೂರು ಕಡೆಯ ಪ್ರಭಾರ ಹೊರಿಸಿದಲ್ಲಿ ಕಡತ ತಿಂಗಳುಗಟ್ಟಲೆ ಕೂರುತ್ತದೆ. ಹಣ ಮಾರ್ಚ್ ಅಂತ್ಯಕ್ಕೆ ಉಳಿಯುತ್ತದೆ. ಉಳಿದ ಹಣವನ್ನು ತೋರಿಸಿ ಮುಂದಿನ ಬೇಡಿಕೆಯನ್ನು ತಳ್ಳಿಹಾಕುತ್ತಾರೆ. ಮೊದಲು ಸಿಬ್ಬಂದಿಯನ್ನು ಕೊಡದೆ, ಆಮೇಲೆ ಸಾಮರ್ಥ್ಯವಿಲ್ಲ ಎಂದು ಹೇಳುವ ಈ ವಾದವನ್ನು ನಾನು ಒಪ್ಪಲಾರೆ. ನಮ್ಮ ಭಾಗದ ಕೆಲವು ಹೋರಾಟಗಾರರ ಬಗ್ಗೆಯೂ ಬೇಸರವಿದೆ. ಮಂಡಳಿಗೆ ಸಾವಿರ ಕೋಟಿ ಸಾಲದು, ಮೂರು ಸಾವಿರ ಸಾಲದು ಎಂದು ಮೊತ್ತವನ್ನೇ ಏರಿಸಿ ಕೇಳಿದರು. 2023-24ರಲ್ಲಿ ಅದು 5,000 ಕೋಟಿಯಾಯಿತು. ಅದೇ ವರ್ಷ ಇಲಾಖೆಗಳ ಮಾಮೂಲಿ ಪಾಲು ಈ ಜಿಲ್ಲೆಗಳಲ್ಲಿ ಏರಿತೋ ಇಳಿಯಿತೋ ಎಂದು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ.

ಕಾಂಗ್ರೆಸ್ ಸರ್ಕಾರದ ಗ್ಯಾರಂಟಿ ಯೋಜನೆಗಳ ವಿವಾದವೂ ಮಾಮೂಲಿ ಪಾಲಿನ ಲೆಕ್ಕ ಕೇಳದ ಇದೇ ಕಾರಣಕ್ಕೆ ದಿಕ್ಕು ತಪ್ಪಿದೆ. ಗ್ಯಾರಂಟಿಗೆ ಹಣ ಹೊಂದಿಸಬೇಕಾದ್ದರಿಂದ ಈ ವರ್ಷ ಅಭಿವೃದ್ಧಿಗೆ ಹೆಚ್ಚು ಕೇಳಬೇಡಿ ಎಂಬರ್ಥದಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ 2023ರ ಜುಲೈಯಲ್ಲಿ ಶಾಸಕರಿಗೆ ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು. ವಿರೋಧ ಪಕ್ಷವಾದ ಬಿಜೆಪಿ ಅದನ್ನೇ ಹಿಡಿದು, ಗ್ಯಾರಂಟಿಗಳೇ ಎಲ್ಲ ಕೊರತೆಗೂ ಕಾರಣ ಎಂದಿತು. ಶಿಕ್ಷಕರ, ವೈದ್ಯರ ಹುದ್ದೆಗಳು ಖಾಲಿ ಬಿದ್ದದ್ದು ಗ್ಯಾರಂಟಿಗಿಂತ ಬಹಳ ಹಿಂದೆ, 2020ರ ನೇಮಕಾತಿ ತಡೆಯ ಆದೇಶ ಬಂದದ್ದು ಅದೇ ಬಿಜೆಪಿಯ ಸರ್ಕಾರದಲ್ಲಿ ಎಂಬುದನ್ನು ನೆನಪಿಸಬೇಕಾಗುತ್ತದೆ. ಹಾಗೆಂದು ಕಾಂಗ್ರೆಸ್ಸಿನ ಉತ್ತರವೂ ಪೂರ್ತಿಯಲ್ಲ. ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರುವುದು ಬಡ ಸಂಸಾರಕ್ಕೆ ನಿಜವಾದ ಆಸರೆ. ಆ ದುಡ್ಡಿನಲ್ಲಿ ಗಣಿತದ ಮೇಷ್ಟರನ್ನು ಊರಿಗೆ ತರಲಾಗದು. ಹೆಂಗಸರಿಗೆ ಟಿಕೆಟ್ ಉಚಿತವಾದರೂ ಹಳ್ಳಿಯ ಹಾದಿಗೆ ಬಸ್ಸಿನ ಟ್ರಿಪ್ ಇರಬೇಕು, ಬಸ್ಸಿಗೆ ಚಾಲಕರಿರಬೇಕು. ನಗದು ಕೊಡುವುದೂ ಸೇವೆ ಒದಗಿಸುವುದೂ ಎರಡೂ ಸರ್ಕಾರದ ಕೆಲಸ. ಒಂದು ಕೊಟ್ಟೆವು ಎಂದು ಇನ್ನೊಂದರ ಲೆಕ್ಕ ಮುಚ್ಚಿಡಬಾರದು.

2002ರಲ್ಲಿ ತಾಲೂಕಿಗಿಂತ ಕೆಳಗಿನ ಅಂಕಿಅಂಶ ಎಲ್ಲಿತ್ತು, ನಂಜುಂಡಪ್ಪನವರನ್ನು ದೂರುವುದು ನ್ಯಾಯವೇ ಎಂದು ಕೇಳಬಹುದು. ಜಿಲ್ಲೆಯ ಮಟ್ಟದಲ್ಲೇ ನಿಂತಿದ್ದ ಚರ್ಚೆಯನ್ನು ತಾಲೂಕಿಗೆ ಇಳಿಸಿದ್ದು ಅವರೇ, ಆ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೆ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆಗಳ ಲೆಕ್ಕ ಆಗಲೂ ಪ್ರತಿ ಇಲಾಖೆಯ ಕಚೇರಿಯಲ್ಲಿ ಇತ್ತು. ಅದನ್ನು ಮುಖ್ಯ ಅಳತೆಯಾಗಿ ಎತ್ತಿಕೊಳ್ಳದೆ ಹೋದದ್ದು ಆಯ್ಕೆಯ ತಪ್ಪು. ಪ್ರಾದೇಶಿಕ ಅಸಮತೋಲನದ ಹೊಸ ಅಧ್ಯಯನಕ್ಕೆ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಹೊಸ ಸೂಚ್ಯಂಕಕ್ಕೆ ಎಷ್ಟು ಮಾನದಂಡ ಸೇರಿದರೂ ಎರಡು ಲೆಕ್ಕ ಪ್ರತಿವರ್ಷ ಬಜೆಟ್ಟಿನ ಜೊತೆಯಲ್ಲೇ ವಿಧಾನಮಂಡಲದ ಮುಂದೆ ಬರಬೇಕು: ಕಮಲಾಪುರವೂ ಸೇರಿ ಪ್ರತಿ ತಾಲೂಕಿನಲ್ಲಿ, ನಗರವನ್ನು ಬೇರೆ ಇಟ್ಟು, ಯಾವ ಇಲಾಖೆಯ ಎಷ್ಟು ಹುದ್ದೆ ಎಷ್ಟು ತಿಂಗಳಿಂದ ಖಾಲಿ, ಮತ್ತು ಮಂಡಳಿಯ ಹಣ ಬಿಟ್ಟು ಇಲಾಖೆ ತನ್ನ ಮಾಮೂಲಿ ಬಾಬತ್ತಿನಿಂದ ಅಲ್ಲಿ ಮಾಡಿದ ಖರ್ಚು ಹಿಂದಿನ ವರ್ಷಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ. ಕಡಿಮೆಯಾಗಿದ್ದರೆ ಆ ಇಲಾಖೆಯ ಸಚಿವರು ಸದನದಲ್ಲಿ ಲಿಖಿತ ಕಾರಣ ಕೊಡಬೇಕು.