ಸೋಲಿಗೆ ಒಂದು ಹೆಸರು ಬೇಕೇ?

2021ರ ಅಕ್ಟೋಬರ್ 24ರಂದು ದುಬೈಯಲ್ಲಿ ನಡೆದ ಟಿ-20 ವಿಶ್ವಕಪ್ ಪಂದ್ಯದಲ್ಲಿ ಭಾರತ ತಂಡವು ಪಾಕಿಸ್ತಾನದೆದುರು ಹತ್ತು ವಿಕೆಟ್‌ಗಳಿಂದ ಸೋತಿತು. ಅದಕ್ಕೆ ಮೊದಲು ವಿಶ್ವಕಪ್‌ಗಳಲ್ಲಿ ಎರಡೂ ತಂಡಗಳು ಹನ್ನೆರಡು ಬಾರಿ ಮುಖಾಮುಖಿಯಾಗಿದ್ದವು. ಹನ್ನೆರಡು ಬಾರಿಯೂ ಗೆದ್ದದ್ದು ಭಾರತವೇ. ಈ ಬಾರಿಯೂ ಹಾಗೆಯೇ ಆಗುತ್ತದೆ ಎಂದು ನಂಬಿ ಕೂತಿದ್ದ ಅಭಿಮಾನಿಗಳಿಗೆ ಆ ರಾತ್ರಿ ಊಟ ರುಚಿಸಲಿಲ್ಲ, ನಿದ್ದೆ ಬರಲಿಲ್ಲ. ಅದರಲ್ಲಿ ತಪ್ಪೇನಿಲ್ಲ. ಪ್ರೀತಿಸಿದ ತಂಡ ಸೋತಾಗ ನೋವಾಗದಿದ್ದರೆ ಅಭಿಮಾನಕ್ಕೆ ಅರ್ಥವಾದರೂ ಏನು? ಆದರೆ ಆ ನೋವು ಮರುದಿನ ಬೆಳಗಾಗುವಷ್ಟರಲ್ಲಿ ಏನಾಗಿ ಬದಲಾಯಿತು ಎಂಬುದನ್ನು ನಾವು ಕುಳಿತು ಯೋಚಿಸಬೇಕಾಗಿದೆ.

ಪಂದ್ಯದ ಅಂಕಿಅಂಶಗಳನ್ನೇ ಮೊದಲು ನೋಡೋಣ. ಭಾರತ 7 ವಿಕೆಟಿಗೆ 151 ರನ್ ಗಳಿಸಿತು. ರೋಹಿತ್ ಶರ್ಮಾ ಎದುರಿಸಿದ ಮೊದಲ ಎಸೆತದಲ್ಲೇ ಔಟಾದರು. ನಮ್ಮ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 3 ರನ್ನಿಗೆ ಬೌಲ್ಡ್ ಆದರು. ಉತ್ತರವಾಗಿ ರಿಜ್ವಾನ್ 79, ಬಾಬರ್ ಆಜಮ್ 68 ರನ್ ಹೊಡೆದು 17.5 ಓವರುಗಳಲ್ಲಿ ಆಟ ಮುಗಿಸಿದರು. ಬುಮ್ರಾ, ಭುವನೇಶ್ವರ್, ಜಡೇಜ, ಬೀದರ್‌ನಲ್ಲಿ ಹುಟ್ಟಿದ ವರುಣ್ ಚಕ್ರವರ್ತಿ ಮತ್ತು ಮುಹಮ್ಮದ್ ಶಮಿ, ಈ ಐವರು ಬೌಲರ್‌ಗಳಲ್ಲಿ ಒಬ್ಬರಿಗೂ ಒಂದೇ ಒಂದು ವಿಕೆಟ್ ಸಿಗಲಿಲ್ಲ. ಶಮಿ 3.5 ಓವರುಗಳಲ್ಲಿ 43 ರನ್ ಕೊಟ್ಟದ್ದು ನಿಜ. ಅದು ಕೆಟ್ಟ ಬೌಲಿಂಗ್ ಎಂದು ಹೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಅಂದು ಸೋತದ್ದು ಹನ್ನೊಂದು ಮಂದಿಯ ತಂಡ.

ಹಾಗಿದ್ದೂ ಅಭಿಮಾನಿಗಳಲ್ಲಿ ಒಂದು ಗುಂಪಿಗೆ ಹನ್ನೊಂದು ಹೆಸರುಗಳಲ್ಲಿ ಒಂದೇ ಹೆಸರು ಕಣ್ಣಿಗೆ ಬಿತ್ತು. ಸಾಮಾಜಿಕ ಜಾಲತಾಣಗಳಲ್ಲಿ ಶಮಿಯನ್ನು ದ್ರೋಹಿ ಎಂದರು, ಪಾಕಿಸ್ತಾನಕ್ಕೆ ಹೋಗು ಎಂದರು, ಹಣ ಪಡೆದಿದ್ದಾನೆ ಎಂದರು. ಮೊದಲ ಎಸೆತದಲ್ಲೇ ಔಟಾದವರ ದೇಶಪ್ರೇಮವನ್ನು ಯಾರೂ ಪ್ರಶ್ನಿಸಲಿಲ್ಲ, ಪ್ರಶ್ನಿಸಲೂ ಬಾರದು. ಬೇರೆಯವರ ವೈಫಲ್ಯ ಆಟದ ವೈಫಲ್ಯವಾಗಿ ಉಳಿಯಿತು, ಶಮಿಯ ವೈಫಲ್ಯ ಮಾತ್ರ ನಿಷ್ಠೆಯ ವೈಫಲ್ಯವಾಯಿತು. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ.

ಎಲ್ಲ ಅಭಿಮಾನಿಗಳೂ ಹೀಗೆ ಮಾಡಿದರು ಎಂದು ನಾವು ಹೇಳುತ್ತಿಲ್ಲ. ಸಚಿನ್ ತೆಂಡುಲ್ಕರ್, ಸೆಹ್ವಾಗ್ ಮುಂತಾದ ಹಿರಿಯ ಆಟಗಾರರು ಕೂಡಲೇ ಶಮಿಯ ಬೆನ್ನಿಗೆ ನಿಂತರು. ನಾಯಕ ವಿರಾಟ್ ಕೊಹ್ಲಿ, ಧರ್ಮದ ಹೆಸರಲ್ಲಿ ಒಬ್ಬನ ಮೇಲೆ ದಾಳಿ ಮಾಡುವುದು ಮನುಷ್ಯ ಮಾಡಬಹುದಾದ ಅತ್ಯಂತ ಹೀನ ಕೆಲಸ ಎಂಬರ್ಥದ ಮಾತನ್ನು ಪತ್ರಿಕಾಗೋಷ್ಠಿಯಲ್ಲೇ ಆಡಿದರು. ಅದಕ್ಕೆ ಅವರು ತೆತ್ತ ಬೆಲೆ ಏನು ಗೊತ್ತೇ? ವರ್ಷವೂ ತುಂಬದ ಅವರ ಮಗಳಿಗೆ ಬೆದರಿಕೆ ಬಂತು. ಆಟದ ಸೋಲೊಂದು ತೊಟ್ಟಿಲ ಮಗುವಿನವರೆಗೂ ಕೈಚಾಚುತ್ತದೆ ಎಂದಾದರೆ ಅದನ್ನು ಕ್ರೀಡಾಭಿಮಾನ ಎಂದು ಕರೆಯುವುದು ಹೇಗೆ?

ಸೋತಾಗ ದ್ರೋಹಿಯನ್ನು ಹುಡುಕುವ ಚಟ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್ ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಆಮೀರ್ ಸೊಹೈಲ್ ಬೌಂಡರಿ ಬಾರಿಸಿ ಬ್ಯಾಟು ತೋರಿಸಿದ್ದು, ಮರು ಎಸೆತದಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಅವರ ವಿಕೆಟ್ ಉರುಳಿಸಿದ್ದು ಅದೇ ಪಂದ್ಯದಲ್ಲಿ. ಪಾಕಿಸ್ತಾನ 39 ರನ್ನುಗಳಿಂದ ಸೋತಿತು. ಗಾಯದಿಂದಾಗಿ ಆ ದಿನ ಆಡದಿದ್ದ ನಾಯಕ ವಾಸಿಂ ಅಕ್ರಮ್ ವಿರುದ್ಧ ಅವರದೇ ದೇಶದ ಜನ ತಿರುಗಿ ಬಿದ್ದರು. ಪ್ರತಿಕೃತಿ ಸುಟ್ಟರು. ಹಣ ಪಡೆದು ಹೊರಗುಳಿದ ಎಂಬ ಆರೋಪ ಹೊರಿಸಿದರು. ಅದೇ ಮಾರ್ಚ್ 13ರಂದು ಕೋಲ್ಕತ್ತದಲ್ಲಿ ಶ್ರೀಲಂಕಾದ ಎದುರು ಭಾರತ 8 ವಿಕೆಟಿಗೆ 120 ರನ್ ಗಳಿಸಿ ತತ್ತರಿಸಿದಾಗ ಈಡನ್ ಗಾರ್ಡನ್‌ನ ಪ್ರೇಕ್ಷಕರು ಬಾಟಲಿಗಳನ್ನೆಸೆದು ಬೆಂಕಿ ಹಚ್ಚಿದರು. ಆಟ ಮುಂದುವರಿಯದೆ ಪಂದ್ಯವನ್ನು ಶ್ರೀಲಂಕಾಕ್ಕೆ ಕೊಡಬೇಕಾಯಿತು.

ಅಂದರೆ ರೋಗ ಎರಡೂ ಕಡೆ ಒಂದೇ. ಎದುರಾಳಿ ನಮಗಿಂತ ಚೆನ್ನಾಗಿ ಆಡಿದ ಎಂದು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಇಲ್ಲದವನಿಗೆ ದ್ರೋಹಿಯೊಬ್ಬ ಬೇಕಾಗುತ್ತಾನೆ. ಲಾಹೋರಿನಲ್ಲಿ ಆತ ಮನೆಯವನೇ ಆಗಿರುತ್ತಾನೆ. ನಮ್ಮಲ್ಲಿ ಮಾತ್ರ ಆತನ ವಿಳಾಸ ಮೊದಲೇ ಬರೆದಿಟ್ಟಿರುತ್ತದೆ. ಆ ವಿಳಾಸ ಮುಸ್ಲಿಮನದ್ದೇ ಆಗಿರಬೇಕೆಂದೂ ಇಲ್ಲ. 2022ರ ಸೆಪ್ಟೆಂಬರ್ 4ರಂದು ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅರ್ಷದೀಪ್ ಸಿಂಗ್ ಒಂದು ಕ್ಯಾಚ್ ಕೈಬಿಟ್ಟರು. ಕೆಲವೇ ಗಂಟೆಗಳಲ್ಲಿ ಆ ಯುವಕನನ್ನು ಖಲಿಸ್ತಾನಿ ಎಂದು ಕರೆಯಲಾಯಿತು. ಕ್ಯಾಚ್ ಬಿಡದ ಕ್ರಿಕೆಟಿಗ ಜಗತ್ತಿನಲ್ಲಿ ಯಾರಿದ್ದಾನೆ? ಆದರೆ ಪೇಟ ಕಟ್ಟಿದವನ ಕೈಯಿಂದ ಜಾರಿದರೆ ಅದು ಚೆಂಡಾಗಿರುವುದಿಲ್ಲ, ದೇಶವಾಗಿರುತ್ತದೆ!

ಮೈದಾನದಲ್ಲಿರುವವರ ಪಾಡು ಇದಾದರೆ ಟಿ.ವಿ. ಮುಂದೆ ಕುಳಿತವರ ಪಾಡೇನು? 2017ರ ಜೂನ್ 18ರಂದು ಲಂಡನ್ನಿನ ಓವಲ್‌ನಲ್ಲಿ ಚಾಂಪಿಯನ್ಸ್ ಟ್ರೋಫಿಯ ಫೈನಲ್‌ನಲ್ಲಿ ಭಾರತ 180 ರನ್ನುಗಳಿಂದ ಸೋತಿತು. ಪಾಕಿಸ್ತಾನದ ಗೆಲುವನ್ನು ಸಂಭ್ರಮಿಸಿದರು ಎಂಬ ಆರೋಪದಲ್ಲಿ ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಮುಸ್ಲಿಮರನ್ನು ಪೊಲೀಸರು ಬಂಧಿಸಿದರು. ಮೊದಲು ರಾಜದ್ರೋಹದ ಮೊಕದ್ದಮೆ ಹಾಕಿ, ನಂತರ ಅದನ್ನು ಕೈಬಿಟ್ಟು ಬೇರೆ ಸೆಕ್ಷನ್ ಹಾಕಿದರು. ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿದ್ದು 2023ರಲ್ಲಿ. ಒಂದು ದಿನದ ಪಂದ್ಯಕ್ಕೆ ಆರು ವರ್ಷಗಳ ಅಲೆದಾಟ! 2021ರ ದುಬೈ ಪಂದ್ಯದ ಬಳಿಕ ಆಗ್ರಾದಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳು ವಾಟ್ಸಾಪ್ ಸಂದೇಶಗಳ ಕಾರಣಕ್ಕೆ ರಾಜದ್ರೋಹದ ಆರೋಪ ಹೊತ್ತು ಜೈಲು ಸೇರಿದರು. 2022ರ ಮಾರ್ಚ್‌ನಲ್ಲಿ ಅವರಿಗೆ ಜಾಮೀನು ನೀಡಿದ ಅಲಹಾಬಾದ್ ಹೈಕೋರ್ಟ್, ಪೊಳ್ಳು ಘೋಷಣೆಗಳ ಗಾಳಿಗೆ ಬಾಗಲು ಭಾರತದ ಏಕತೆ ಬಿದಿರಿನ ಕಡ್ಡಿಯಲ್ಲ ಎಂಬ ಅರ್ಥದ ಮಾತು ಹೇಳಿತು. ಈ ಮಾತು ಪ್ರತಿಯೊಂದು ಪೊಲೀಸ್ ಠಾಣೆಯ ಗೋಡೆಯ ಮೇಲಿರಬೇಕಾದದ್ದು.

ನೆರೆಮನೆಯವರೆಲ್ಲ ಬೇಸರದಲ್ಲಿರುವಾಗ ಅವರ ಮುಂದೆ ಪಟಾಕಿ ಸಿಡಿಸುವುದು ಸಭ್ಯತೆಯಲ್ಲ ಎಂಬುದನ್ನು ನಾವು ಒಪ್ಪುತ್ತೇವೆ. ಕೆಣಕುವುದಕ್ಕಾಗಿಯೇ ಕುಣಿಯುವವರಿಗೆ ಹಿರಿಯರು ಬುದ್ಧಿ ಹೇಳಬೇಕು. ಆದರೆ ಅಸಭ್ಯತೆಗೂ ಅಪರಾಧಕ್ಕೂ ನಡುವೆ ಒಂದು ಗೆರೆಯಿದೆ. ಎದುರಾಳಿಯ ಒಳ್ಳೆಯ ಆಟಕ್ಕೆ ಚಪ್ಪಾಳೆ ತಟ್ಟುವುದಂತೂ ಅವೆರಡರಲ್ಲಿ ಯಾವುದೂ ಅಲ್ಲ.

ಇನ್ನೊಂದು ಮಾತು. ಇಂಥ ಪಂದ್ಯಗಳ ಮರುದಿನ ಶಾಲೆಗೋ ಕಚೇರಿಗೋ ಹೋದಾಗ, ‘ಏನು, ನಿಮ್ಮವರು ಗೆದ್ದರಲ್ಲ’ ಎಂಬ ಮಾತು ಕೇಳದೆ ಬೆಳೆದ ಮುಸ್ಲಿಮರು ನಮ್ಮಲ್ಲಿ ಕಡಿಮೆ. ಹೇಳುವವರು ತಮಾಷೆಗೆ ಹೇಳಿರುತ್ತಾರೆ. ಕೇಳಿದ ಹುಡುಗ ಮಾತ್ರ ಹಿಂದಿನ ರಾತ್ರಿ ಕೊಹ್ಲಿ ಔಟಾದಾಗ ತಲೆಯ ಮೇಲೆ ಕೈಹೊತ್ತು ಕೂತವನಾಗಿರುತ್ತಾನೆ. ಎಲ್ಲರ ಜೊತೆ ಅಳುವ ಹಕ್ಕನ್ನೂ ಅವನಿಂದ ಕಸಿದುಕೊಂಡಂತಾಯಿತು. ಗೆದ್ದರೆ ಎಲ್ಲರಿಗಿಂತ ಜೋರಾಗಿ ಕೂಗಬೇಕು, ಸೋತರೆ ಎಲ್ಲರಿಗಿಂತ ಹೆಚ್ಚು ದುಃಖ ತೋರಿಸಬೇಕು ಎಂಬ ಒತ್ತಡದಲ್ಲಿ ಆಟ ನೋಡುವ ಮಗುವಿಗೆ ಆಟದ ಸಂತೋಷ ಎಲ್ಲಿಂದ ಬರಬೇಕು?

ಹಾಗೆಂದು ಬೆರಳನ್ನು ಇತರರತ್ತ ಮಾತ್ರ ತೋರಿಸಿ ನಾವು ತಪ್ಪಿಸಿಕೊಳ್ಳುವಂತಿಲ್ಲ. 2025ರ ಮಾರ್ಚ್ 4ರಂದು ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿಯ ಸೆಮಿಫೈನಲ್ ನಡೆದಾಗ ರಮಝಾನ್ ತಿಂಗಳು. ಪಂದ್ಯದ ನಡುವೆ ಶಮಿ ಪಾನೀಯ ಕುಡಿದದ್ದನ್ನು ಕಂಡು ಉತ್ತರ ಪ್ರದೇಶದ ಧಾರ್ಮಿಕ ಮುಖಂಡರೊಬ್ಬರು ಅವರನ್ನು ಪಾಪಿ ಎಂದು ಟೀಕಿಸಿದರು. ಪ್ರಯಾಣಿಕನಿಗೆ ಉಪವಾಸದಲ್ಲಿ ಕುರ್‌ಆನ್ ನೀಡಿದ ರಿಯಾಯಿತಿ ಗೊತ್ತಿರುವ ಅನೇಕ ವಿದ್ವಾಂಸರು ಶಮಿಯ ಪರ ಮಾತಾಡಿದ್ದು ಸಮಾಧಾನದ ವಿಷಯ. ಒಬ್ಬರಿಗೆ ಅವರ ದೇಶಪ್ರೇಮದ ಲೆಕ್ಕ ಬೇಕು, ಇನ್ನೊಬ್ಬರಿಗೆ ದೇವಭಕ್ತಿಯ ಲೆಕ್ಕ ಬೇಕು. ಬೌಲಿಂಗ್‌ನ ಲೆಕ್ಕ ಯಾರಿಗೆ ಬೇಕು? ಆ ಲೆಕ್ಕ ಬೇಕಾದವರಿಗೆ 2023ರ ವಿಶ್ವಕಪ್ ಇದೆ: ಏಳು ಪಂದ್ಯಗಳಲ್ಲಿ 24 ವಿಕೆಟ್, ಸೆಮಿಫೈನಲ್ ಒಂದರಲ್ಲೇ 57 ರನ್ನಿಗೆ 7. ಆಗ ಇಡೀ ದೇಶ ಶಮಿಯನ್ನು ಹೊಗಳಿತು. ಆದರೆ ಗೌರವಕ್ಕಾಗಿ ಏಳು ವಿಕೆಟ್ ಕೀಳಬೇಕು ಎಂದಾದರೆ, ವಿಕೆಟ್ ಕೀಳಲಾರದ ಸಾಮಾನ್ಯರು ಏನು ಮಾಡಬೇಕು?

ನಮಗೆ ಉತ್ತರ ಸಿಗುವುದು ಚೆನ್ನೈಯ ಚೆಪಾಕ್‌ನಲ್ಲಿ. 1999ರ ಜನವರಿ 31. ಪಾಕಿಸ್ತಾನ ತಂಡ ಬರಕೂಡದೆಂದು ಆ ತಿಂಗಳು ದೆಹಲಿಯ ಪಿಚ್ಚನ್ನೇ ಅಗೆದು ಹಾಕಲಾಗಿತ್ತು. ಭಾರತದ ನಾಯಕ ಅಝರುದ್ದೀನ್. ತಂಡದಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಸುನಿಲ್ ಜೋಶಿ ಎಂಬ ಐವರು ಕನ್ನಡಿಗರು. ಗೆಲುವಿಗೆ 271 ರನ್ ಬೇಕಿತ್ತು. ಬೆನ್ನುನೋವಿನಲ್ಲೇ 136 ರನ್ ಗಳಿಸಿ ಸಚಿನ್ ಔಟಾದಾಗ ಬೇಕಿದ್ದದ್ದು ಕೇವಲ 17. ಉಳಿದ ಮೂರು ವಿಕೆಟ್‌ಗಳು ನಾಲ್ಕು ರನ್ನುಗಳಲ್ಲಿ ಉರುಳಿದವು. 12 ರನ್ನುಗಳ ಸೋಲು. ಮೈದಾನ ಒಂದು ಕ್ಷಣ ಸ್ತಬ್ಧವಾಯಿತು. ಬಳಿಕ ಪ್ರೇಕ್ಷಕರು ಎದ್ದುನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಆ ಆಟಗಾರರು ಮೈದಾನಕ್ಕೆ ಒಂದು ಸುತ್ತು ಬಂದು ಆ ಗೌರವವನ್ನು ಸ್ವೀಕರಿಸಿದರು.

ಚೆಪಾಕ್‌ನ ಜನರ ಮೇಲೆ ಯಾರೂ ಮೊಕದ್ದಮೆ ಹಾಕಲಿಲ್ಲ. ಅವರ ದೇಶಪ್ರೇಮವೂ ಕಡಿಮೆಯಾಗಲಿಲ್ಲ. ಅವರಿಗೂ ನೋವಾಗಿತ್ತು. ಆದರೆ ಆ ನೋವನ್ನು ಹೊರಿಸಲು ಅವರು ಒಬ್ಬನ ಹೆಸರನ್ನು ಹುಡುಕಲಿಲ್ಲ. ಎಲ್ಲರೂ ಸೇರಿ ಹೊತ್ತರು. ಭಾರತ-ಪಾಕಿಸ್ತಾನ ಪಂದ್ಯಗಳು ಇನ್ನೂ ಬರುತ್ತವೆ, ಸೋಲುಗಳೂ ಬರುತ್ತವೆ. ಅಂಥ ಸೋಲಿನ ಮರುದಿನ ಬೆಳಿಗ್ಗೆ ನಿಮ್ಮ ಪಕ್ಕದ ಬೆಂಚಿನ ಹುಡುಗನ ಮುಖ ಬಾಡಿದ್ದರೆ ಅವನ ಹೆಸರನ್ನು ನೋಡಬೇಡಿ. ‘ನಾವು ಸೋತೆವು’ ಎನ್ನಿ. ಆ ‘ನಾವು’ ಎಂಬುದರಲ್ಲಿ ಅವನೂ ಇದ್ದಾನೆ.