ಕೈಗೂ ಪುಸ್ತಕಕ್ಕೂ ನಡುವಿನ ಗೋಡೆ

ಸರ್ಕಾರದ ದಸ್ತಾವೇಜುಗಳನ್ನು ಓದುವುದು ನಮ್ಮ ರೂಢಿಯಲ್ಲ. ಅವು ಅಧಿಕಾರಿಗಳಿಗೂ ಅಧ್ಯಾಪಕರಿಗೂ ಸೇರಿದ ವಿಷಯವೆಂದು ಬದಿಗಿಡುತ್ತೇವೆ. ಆದರೆ ನಮ್ಮ ಮಕ್ಕಳು ಇನ್ನು ಇಪ್ಪತ್ತು ವರ್ಷಗಳ ಬಳಿಕ ಯಾವ ದುಡಿಮೆಯಿಂದ ಬದುಕುವರು ಎಂಬುದನ್ನು ನಿರ್ಧರಿಸಹೊರಟ ಬರಹವನ್ನು ತಂದೆತಾಯಂದಿರು ಓದದೆ ಬಿಡುವುದು ಸರಿಯಲ್ಲ. ಆದ್ದರಿಂದ 2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟವು ಒಪ್ಪಿದ ರಾಷ್ಟ್ರೀಯ ಶಿಕ್ಷಣ ನೀತಿಯ ಹದಿನಾರನೆಯ ಅಧ್ಯಾಯವನ್ನು ಈ ತಿಂಗಳು ನಿಮ್ಮೊಡನೆ ಓದಬಯಸುತ್ತೇನೆ. ಅದು ವೃತ್ತಿ ಶಿಕ್ಷಣವನ್ನು ಕುರಿತದ್ದು.

ಆ ನೀತಿಯನ್ನು ನಮ್ಮ ರಾಜ್ಯ ಕೈಬಿಟ್ಟಿತಲ್ಲವೇ ಎಂದು ನೀವು ಕೇಳಬಹುದು. ನಿಜ. 2021ರಲ್ಲಿ ಉನ್ನತ ಶಿಕ್ಷಣಕ್ಕೆ ಅದನ್ನು ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕವೇ. ಸರ್ಕಾರ ಬದಲಾದ ಮೇಲೆ, 2024ರಲ್ಲಿ, ಪದವಿ ಶಿಕ್ಷಣ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟಿನಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಆದರೆ ಹದಿನಾರನೆಯ ಅಧ್ಯಾಯ ಎತ್ತಿದ ಪ್ರಶ್ನೆಯಿಂದ ಯಾವ ಸರ್ಕಾರವೂ ತಪ್ಪಿಸಿಕೊಳ್ಳಲಾರದು. ನಮ್ಮ ಧರ್ಮಸಭೆಯೂ ತಪ್ಪಿಸಿಕೊಳ್ಳಲಾರದು.

ಮೊದಲು ಮೆಚ್ಚತಕ್ಕದ್ದನ್ನು ಹೇಳೋಣ. ಈ ಅಧ್ಯಾಯ ಕಹಿಸತ್ಯವನ್ನು ಮುಚ್ಚಿಡುವುದಿಲ್ಲ. 19ರಿಂದ 24 ವರ್ಷ ವಯಸ್ಸಿನ ಭಾರತೀಯ ದುಡಿಮೆಗಾರರಲ್ಲಿ ಕ್ರಮಬದ್ಧ ವೃತ್ತಿ ಶಿಕ್ಷಣ ಪಡೆದವರು ಶೇಕಡ 5ಕ್ಕಿಂತಲೂ ಕಡಮೆ ಎಂಬ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಅದು ನಮ್ಮ ಮುಂದಿಡುತ್ತದೆ. ಜರ್ಮನಿಯಲ್ಲಿ ಶೇಕಡ 75, ದಕ್ಷಿಣ ಕೊರಿಯದಲ್ಲಿ ಶೇಕಡ 96 ಎಂದು ಹೋಲಿಸಿ ತೋರಿಸುತ್ತದೆ. ಕೈಕಸುಬಿನ ಓದು ಎಂದರೆ ಪುಸ್ತಕದ ಓದು ಹತ್ತದವರ ಪಾಲು ಎಂಬ ಕೀಳುಭಾವನೆ ಸಮಾಜದಲ್ಲಿ ಬೇರೂರಿರುವುದನ್ನೂ ಒಪ್ಪಿಕೊಳ್ಳುತ್ತದೆ. 2025ರ ಹೊತ್ತಿಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂಬ ಗುರಿಯನ್ನು ಇಡುತ್ತದೆ. ಇದೇ ನೀತಿ ಮತ್ತೊಂದೆಡೆ, 6ರಿಂದ 8ನೆಯ ತರಗತಿಯ ನಡುವೆ ಪ್ರತಿ ಮಗುವೂ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮುಂತಾದವರ ಬಳಿ ಕುಳಿತು ಕಲಿಯಬೇಕು ಎನ್ನುತ್ತದೆ. ಓದಲು ಎಷ್ಟು ಹಿತವಾಗಿದೆ!

ಈ ಹಿತವಾದ ಮಾತುಗಳನ್ನು ನಾನೊಮ್ಮೆ ಧರ್ಮಕೇಂದ್ರದ ಕುಟುಂಬಗಳ ಕೂಟವೊಂದರಲ್ಲಿ ವಿವರಿಸಿದೆ. ನಂಜನಗೂಡಿನ ಕಡೆಯ ಗಾರೆಕೆಲಸದವರೊಬ್ಬರು ಎದ್ದುನಿಂತು ಕೇಳಿದರು: "ನಮ್ಮಪ್ಪನೂ ಗಾರೆ ಕಲಸ್ದ, ನಾನೂ ಕಲಸ್ದೆ. ನನ್ ಮಗಂಗೂ ಇಸ್ಕೂಲಲ್ಲಿ ಅದ್ನೇ ಕಲಿಸ್ತೀರಾ ಫಾದರ್?" ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಉತ್ತರವೂ ಬರಲಿಲ್ಲ. ಅಂದಿನಿಂದ ಈ ಅಧ್ಯಾಯವನ್ನು ಆ ತಂದೆಯ ಕಣ್ಣಿನಿಂದಲೇ ಓದುತ್ತಿದ್ದೇನೆ.

ಅವರ ಸಂಶಯಕ್ಕೆ ಚರಿತ್ರೆಯ ಆಧಾರವಿದೆ. 1953ರಲ್ಲಿ ನೆರೆಯ ಮದ್ರಾಸ್ ರಾಜ್ಯದಲ್ಲಿ ರಾಜಾಜಿಯವರ ಸರ್ಕಾರವು ಪ್ರಾಥಮಿಕ ಶಾಲೆಗಳ ವೇಳೆಯನ್ನು ತಗ್ಗಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ಮನೆಯ ಕಸುಬನ್ನು ಕಲಿಯಲಿ ಎಂಬ ಯೋಜನೆಯನ್ನು ತಂದಿತು. ಜನರು ಅದನ್ನು 'ಕುಲಕಲ್ವಿ', ಅಂದರೆ ಕುಲದ ಶಿಕ್ಷಣ, ಎಂದು ಕರೆದು ಪ್ರತಿಭಟಿಸಿದರು. ಮರುವರ್ಷ ಕಾಮರಾಜರ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಕಸುಬು ಜಾತಿಗೆ ಅಂಟಿಕೊಂಡ ನಾಡಿನಲ್ಲಿ ಕಸುಬಿನ ಶಿಕ್ಷಣವೆಂಬ ಮಾತು ಎಲ್ಲರ ಕಿವಿಗೂ ಒಂದೇ ಬಗೆಯಾಗಿ ಕೇಳಿಸುವುದಿಲ್ಲ. ಅನುಕೂಲಸ್ಥರಿಗೆ ಅದೊಂದು ಹೊಸ ಹವ್ಯಾಸ; ತಲೆಮಾರುಗಳಿಂದ ಮಣ್ಣು ಹೊತ್ತವರಿಗೆ ಅದು ಹಳೆಯ ಸಂಕೋಲೆಯ ಸದ್ದು. ಹದಿನಾರನೆಯ ಅಧ್ಯಾಯದಲ್ಲಿ 'ಲೋಕವಿದ್ಯೆ'ಯ ಹಿರಿಮೆಯ ಮಾತಿದೆ. ಆ ವಿದ್ಯೆಯನ್ನು ಹೊತ್ತವರು ಪಟ್ಟ ಅವಮಾನದ ಮಾತಿಲ್ಲ. ಇದು ನನ್ನ ಮೊದಲ ಆಕ್ಷೇಪ.

ಎರಡನೆಯದು 'ಪರಿಚಯ' ಎಂಬ ಪದವನ್ನು ಕುರಿತದ್ದು. ನೀತಿಯು ಅರ್ಧದಷ್ಟು ಮಕ್ಕಳಿಗೆ ಕೋರಿದ್ದು ಪರಿಚಯವನ್ನು, ಪರಿಣತಿಯನ್ನಲ್ಲ. ಮೂರು ವರ್ಷಗಳಲ್ಲಿ ಹತ್ತು ದಿನ ಕುಂಬಾರನ ಚಕ್ರದ ಬಳಿ ಕುಳಿತ ಮಗು ಮಡಕೆ ಮಾಡಲು ಕಲಿಯುವುದಿಲ್ಲ. ಮಡಕೆ ನೋಡಿ ಬರುತ್ತದೆ. ಸರ್ಕಾರಿ ಪ್ರೌಢಶಾಲೆಯ ಬಡಮಗುವಿಗೆ ಒಂಬತ್ತನೆಯ ತರಗತಿಯಿಂದ ಅಂಗಡಿ ವ್ಯಾಪಾರ, ವಾಹನ ದುರಸ್ತಿ. ಶುಲ್ಕ ಕಟ್ಟುವ ಶಾಲೆಯ ಮಗುವಿಗೆ ಹತ್ತು ದಿನದ ವಿಹಾರ, ಆಮೇಲೆ ಕಂಪ್ಯೂಟರ್ ಭಾಷೆ. ಹೀಗಾದರೆ ಗೋಡೆ ಬೀಳಲಿಲ್ಲ, ಅದಕ್ಕೆ ಸುಣ್ಣ ಬಳಿದಂತಾಯಿತು.

ಈಗ ನಮ್ಮ ಸುತ್ತಮುತ್ತ ಕಣ್ಣು ಹಾಯಿಸೋಣ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿಪುಡಿಯೂ ತಯಾರಾಗುತ್ತದೆ, ಸೂಕ್ಷ್ಮ ಯಂತ್ರಗಳ ಒಡಲಲ್ಲಿ ಕೂರುವ ಸರ್ಕ್ಯೂಟ್ ಬೋರ್ಡುಗಳೂ ತಯಾರಾಗುತ್ತವೆ. ಊರಿನ ರಸಬಾಳೆಯನ್ನು ಪನಾಮ ಸೊರಗು ರೋಗ ತೋಟತೋಟವಾಗಿ ನಾಶಮಾಡಿದಾಗ, ಅದನ್ನು ಉಳಿಸಿಕೊಳ್ಳಲು ಪ್ರಯೋಗಾಲಯದ ಅಂಗಾಂಶ ಕೃಷಿಯ ಸಸಿ ಬೇಕಾಯಿತು. ಆ ಸಸಿಯನ್ನು ಸಾಕಲು ಮಣ್ಣಿನ ಗುಣ ಬಲ್ಲ ರೈತನ ಕೈಯೂ ಬೇಕಾಯಿತು. ಒಂದಿಲ್ಲದೆ ಇನ್ನೊಂದು ನಡೆಯಲಿಲ್ಲ.

ಅಲ್ಲಿಂದ ಕಪಿಲೆಯ ಜಾಡು ಹಿಡಿದು ಅದು ಕಾವೇರಿಯನ್ನು ಕೂಡುವ ತಿ. ನರಸೀಪುರಕ್ಕೆ ಹೋದರೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚುವ ಕಾರ್ಖಾನೆಯಿದೆ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ರೇಷ್ಮೆ ನೇಯ್ಗೆಗೆ ನೂಲು ಒದಗಿಸುವ ಕೆಲಸ ಅದು. ಹಳೆಯ ಚರಕದ ಪದ್ಧತಿಯಲ್ಲಿ ಗೂಡುಗಳನ್ನು ಬೇಯಿಸಿದ ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸಿ, ಎಳೆಯ ತುದಿ ಹುಡುಕಿ, ಹಲವು ಎಳೆಗಳನ್ನು ಕೂಡಿಸಿ ಸುತ್ತಬೇಕು. ಬೆರಳುಗಳು ಬೆಂದು ಬಿರಿಯುತ್ತವೆ. ಇಂದಿನ ಸ್ವಯಂಚಾಲಿತ ಯಂತ್ರ ನೂಲು ತೆಳುವಾದುದನ್ನು ತಾನೇ ಅರಿತು ಹೊಸ ಗೂಡಿನ ಎಳೆಯನ್ನು ಸೇರಿಸುತ್ತದೆ. ಬೆರಳನ್ನು ಬಿಸಿನೀರಿನಿಂದ ಪಾರುಮಾಡಿದ ಯಂತ್ರವನ್ನು ಶಪಿಸುವುದು ಅಧರ್ಮ. ಆದರೆ ಪಾರಾದ ಆ ಕೈಗಳಿಗೆ ಮುಂದೆ ಯಾವ ಕೆಲಸ, ಯಾವ ಗೌರವ ಎಂದು ಕೇಳದಿರುವುದೂ ಅಧರ್ಮವೇ.

ಈ ಪ್ರಶ್ನೆಯನ್ನು ನಮ್ಮ ನೆಲ ಹಿಂದೆಯೇ ಕೇಳಿದೆ. ಗಾಂಧೀಜಿ ಭೇಟಿಯಿತ್ತ ಬದನವಾಳಿನ ಖಾದಿ ಕೇಂದ್ರ ನಂಜನಗೂಡು ತಾಲ್ಲೂಕಿನದೇ. ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳ ಹೆಂಗಸರಿಗೆ ನೂಲುವ, ನೇಯುವ ಕೆಲಸ ಕೊಟ್ಟ ಆ ಕೇಂದ್ರ ಕ್ರಮೇಣ ಸೊರಗಿತು. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಅಲ್ಲಿಯೇ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣವೂ ಕಸುಬಿನ ಮೂಲಕವೇ ಗಣಿತ, ಭಾಷೆ, ವಿಜ್ಞಾನಗಳನ್ನು ಕಲಿಸಬೇಕೆಂದಿತ್ತು. ಅದು ಏಕೆ ನೆಲೆಗೊಳ್ಳಲಿಲ್ಲ? ನನಗೆ ತೋಚುವ ಕಾರಣವಿದು: ಅದನ್ನು ಹೊಗಳಿದವರು ತಮ್ಮ ಮಕ್ಕಳನ್ನು ಬೇರೆ ಶಾಲೆಗೆ ಕಳುಹಿಸಿದರು.

ನನ್ನ ಮೂರನೆಯ ಆಕ್ಷೇಪ ನೀತಿಯ ಲೆಕ್ಕಾಚಾರವನ್ನು ಕುರಿತದ್ದು. ಮುಂದಿನ ದಶಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಯುವಜನರು ಭಾರತದಲ್ಲಿರುವರು ಎಂಬ ಉತ್ಸಾಹದಿಂದ ಅದು ಆರಂಭವಾಗುತ್ತದೆ. ದೇಶಕ್ಕೆ ಒಟ್ಟಾಗಿ ಇದು ಒಪ್ಪುವ ಮಾತು. ಆದರೆ ನಮ್ಮ ರಾಜ್ಯದ ಕಥೆ ಬೇರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ 2.1 ಬೇಕು. ಇದಕ್ಕೆ ಸಮೀಕ್ಷೆಯೇ ಬೇಕಿಲ್ಲ. ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತಿರುವಿ ನೋಡಿ. ಭಾನುವಾರದ ಬಲಿಪೂಜೆಯಲ್ಲಿ ಮುಂದಿನ ಸಾಲಿನ ಮಕ್ಕಳನ್ನೂ ಹಿಂದಿನ ಬೆಂಚಿನ ಹಿರಿಯರನ್ನೂ ಎಣಿಸಿ. ಮಕ್ಕಳು ಕಡಮೆಯಾಗುತ್ತಿರುವ ನಾಡಿನಲ್ಲಿ 'ಓದು ಹತ್ತದವನು' ಎಂದು ಒಂದು ಮಗುವನ್ನೂ ಬದಿಗೆ ತಳ್ಳುವಂತಿಲ್ಲ. ವೃದ್ಧರು ಹೆಚ್ಚುತ್ತಿರುವ ನಾಡಿನಲ್ಲಿ ಅತ್ಯಗತ್ಯವಾಗುವ ಕೆಲಸ ಶುಶ್ರೂಷೆ: ಹಾಸಿಗೆ ಹಿಡಿದವರನ್ನು ಹೊರಳಿಸುವುದು, ಉಣಿಸುವುದು, ಮಾತನಾಡಿಸುವುದು. ಯಂತ್ರ ಇದರಲ್ಲಿ ನೆರವಾದೀತು, ಮಗಳ ಕೈಯಾಗಲಾರದು. ವಿಪರ್ಯಾಸವೆಂದರೆ ಈ ಕೆಲಸವನ್ನೂ ನಾವು ಕೀಳೆಂದೇ ಎಣಿಸಿ, ಕಡಮೆ ಸಂಬಳಕ್ಕೆ ಬಡ ಹೆಣ್ಣುಮಕ್ಕಳ ಪಾಲಿಗೆ ಬಿಟ್ಟಿದ್ದೇವೆ.

ಇಲ್ಲಿ ಧರ್ಮಸಭೆಯ ಬೋಧನೆ ನಮಗೆ ಅಳತೆಗೋಲನ್ನು ಒದಗಿಸುತ್ತದೆ. ಸಂತ ದ್ವಿತೀಯ ಜಾನ್ ಪೌಲರು 1981ರ ಸೆಪ್ಟೆಂಬರ್ 14ರಂದು ಹೊರಡಿಸಿದ 'ಲಾಬೋರೆಮ್ ಎಕ್ಸೆರ್ಚೆನ್ಸ್' ಪರಿಪತ್ರದ ಹೃದಯ ಇಷ್ಟೇ: ಕೆಲಸದ ಬೆಲೆ ಅದು ಯಾವ ಕೆಲಸ ಎಂಬುದರಿಂದಲ್ಲ, ಅದನ್ನು ಮಾಡುವವನು ಮನುಷ್ಯನು ಎಂಬುದರಿಂದ ಬರುತ್ತದೆ. ಯಂತ್ರ ಮನುಷ್ಯನ ಮಿತ್ರನಾಗಬಲ್ಲದು, ಅವನ ಕೆಲಸದ ಸಂತೃಪ್ತಿಯನ್ನು ಕಸಿದರೆ ಶತ್ರುವೂ ಆಗಬಲ್ಲದು ಎಂದು ಅದು ಎಚ್ಚರಿಸಿತ್ತು. ಕೃತಕ ಬುದ್ಧಿಮತ್ತೆಯ ಬಗ್ಗೆ 2025ರ ಜನವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿದ 'ಆಂತೀಕ್ವಾ ಎತ್ ನೋವಾ' ಟಿಪ್ಪಣಿ ಅದೇ ಎಚ್ಚರವನ್ನು ಮುಂದುವರಿಸಿತು. ಅದೇ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು, 1891ರಲ್ಲಿ ಕಾರ್ಮಿಕರ ಪರವಾಗಿ 'ರೇರುಮ್ ನೊವಾರುಮ್' ಬರೆದ ಹದಿಮೂರನೆಯ ಲಿಯೋ ಅವರನ್ನು ನೆನೆದೇ ಆ ಹೆಸರನ್ನು ಆರಿಸಿಕೊಂಡುದಾಗಿ ತಿಳಿಸಿದರು. ಈ ಅಳತೆಗೋಲಿನಿಂದ ಅಳೆದಾಗ ಹದಿನಾರನೆಯ ಅಧ್ಯಾಯದ ಕೊರತೆ ಸ್ಪಷ್ಟವಾಗುತ್ತದೆ. ಅದು ಮಾರುಕಟ್ಟೆಗೆ ಬೇಕಾದ ಕೌಶಲವನ್ನು ಎಣಿಸುತ್ತದೆ. ಕೌಶಲವುಳ್ಳ ಮನುಷ್ಯನು ಸಮಾಜದಲ್ಲಿ ಎಲ್ಲಿ ಕೂರಬೇಕು ಎಂದು ಹೇಳುವುದಿಲ್ಲ.

ಈ ಪಕ್ಷಪಾತ ಹೊಸದಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಓದಿ ನೋಡಿ. ಉಳುವವನು, ಮುದ್ರೆ ಕೆತ್ತುವವನು, ಕಮ್ಮಾರ, ಕುಂಬಾರ ಇವರಿಲ್ಲದೆ ಪಟ್ಟಣವೇ ನಿಲ್ಲದು ಎಂದು ಆ ಜ್ಞಾನಿ ಒಪ್ಪುತ್ತಾನೆ. ಅವರ ಕಸುಬೇ ಅವರ ಪ್ರಾರ್ಥನೆ ಎಂಬರ್ಥದ ಸುಂದರ ಮಾತನ್ನೂ ಆಡುತ್ತಾನೆ. ಆದರೂ ಹಿರಿಯರ ಸಭೆಯಲ್ಲಿ ಅವರಿಗೆ ಪೀಠವಿಲ್ಲ, ಜ್ಞಾನ ಬಿಡುವುಳ್ಳ ಶಾಸ್ತ್ರಿಯದು ಎನ್ನುತ್ತಾನೆ. ಮುಂದೆ ನಜರೇತಿನ ಜನ ಯೇಸುವನ್ನು ಕಂಡು ಇವನು ಆ ಬಡಗಿಯಲ್ಲವೇ ಎಂದು ಅಸಡ್ಡೆಯಿಂದ ಕೇಳಿದ್ದನ್ನು ಸಂತ ಮಾರ್ಕನು ಬರೆದಿಟ್ಟಿದ್ದಾನೆ. ಬಡಗಿಯ ಬಾಯಿಂದ ಜ್ಞಾನ ಬರಬಲ್ಲದೆಂಬುದನ್ನು ಅವರು ನಂಬದೇ ಹೋದರು.

ಪ್ರಿಯ ಓದುಗರೇ, ಸರ್ಕಾರವನ್ನು ಟೀಕಿಸಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಮನೆಯ ಮಾತೇನು? ನಾನು ಸೇವೆ ಸಲ್ಲಿಸಿದ ಒಂದೆಡೆ ಒಂದೇ ಆವರಣಕ್ಕೆ ಎರಡು ಬಾಗಿಲುಗಳಿದ್ದವು. ಮುಂಬಾಗಿಲಿನಿಂದ ಇಂಗ್ಲಿಷ್ ಮಾಧ್ಯಮದ ಮಕ್ಕಳು ಒಳಗೆ ಬರುತ್ತಿದ್ದರು. ಹಿಂಬಾಗಿಲಿನಿಂದ ಹೊಲಿಗೆ ತರಬೇತಿಯ ಹೆಣ್ಣುಮಕ್ಕಳು. ಇಬ್ಬರನ್ನೂ ನಾವೇ ಪ್ರೀತಿಯಿಂದ ಕರೆದಿದ್ದೆವು. ಆದರೆ ಇವರು ಅವರ ತರಗತಿಯನ್ನಾಗಲಿ ಅವರು ಇವರ ಯಂತ್ರವನ್ನಾಗಲಿ ಒಮ್ಮೆಯೂ ಮುಟ್ಟಲಿಲ್ಲ. ಹಲವು ವರ್ಷ ಆ ಅಂಗಳವನ್ನು ದಾಟಿ ನಡೆದ ನನಗೂ ಅದು ತಪ್ಪೆಂದು ಹೊಳೆಯಲಿಲ್ಲ. ವಾರ್ಷಿಕೋತ್ಸವದಲ್ಲಿ ನಾವು ಹಾರ ಹಾಕಿದ್ದು ಇಂಜಿನಿಯರಾದ ಹಳೆಯ ವಿದ್ಯಾರ್ಥಿಗೆ. ಒಳ್ಳೆಯ ಎಲೆಕ್ಟ್ರಿಷಿಯನ್ ಆದವನನ್ನು ಅದೇ ದಿನ ದೀಪದ ತಂತಿ ಎಳೆಯಲು ಕರೆದಿದ್ದೆವು.

ನನ್ನ ಬಿನ್ನಹ ದೊಡ್ಡದಲ್ಲ. ನಮ್ಮ ಶಾಲೆಗಳಲ್ಲಿ ಕೈಕೆಲಸ ಎಲ್ಲ ಮಕ್ಕಳಿಗೂ ಇರಲಿ. ಹತ್ತು ದಿನವಲ್ಲ, ವಾರಕ್ಕೊಮ್ಮೆ, ವರ್ಷವಿಡೀ. ಹೊಲಿಗೆ ಕಲಿಯುವ ಹುಡುಗಿಗೆ ಲೆಕ್ಕ, ಕಂಪ್ಯೂಟರ್, ಕಾನೂನಿನ ತಿಳಿವಳಿಕೆ ಸಿಗಲಿ. ಇಂದು ಕಲಿತ ಯಂತ್ರ ಹತ್ತು ವರ್ಷದಲ್ಲಿ ಹಳತಾದರೆ ಹೊಸದನ್ನು ಕಲಿಯುವ ಧೈರ್ಯ ಅವಳಿಗಿರಬೇಕು. ಆ ಧೈರ್ಯ ಅರ್ಥವಾಗುವ ಭಾಷೆಯಲ್ಲಿ ಕಲಿತ ಗಟ್ಟಿಯಾದ ಓದಿನಿಂದ ಬರುತ್ತದೆ. ಕಸುಬನ್ನು ಬಲ್ಲ ಹಿರಿಯರು ಶಾಲೆಗೆ ಗುರುಗಳಾಗಿ ಬರಲಿ, ಗೌರವಧನದೊಡನೆ, ಕುಳಿತುಕೊಳ್ಳಲು ಕುರ್ಚಿಯೊಡನೆ. ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಗಾರೆಯವರಿಗೂ ದಾದಿಯರಿಗೂ ಪೀಠವಿರಲಿ. ಸಿರಾಖನು ಕಂಡ ಸಭೆಯಲ್ಲಿ ಅವರಿಗೆ ಸ್ಥಳವಿರಲಿಲ್ಲ, ನಮ್ಮಲ್ಲಿ ಇರಬಹುದಲ್ಲವೇ?

ಅಂದು ಉತ್ತರಿಸಲಾಗದ ಪ್ರಶ್ನೆಗೆ ಈಗ ನಾನು ಕೊಡಬಹುದಾದ ಉತ್ತರ ಇದು. ಅಯ್ಯಾ, ನಿಮ್ಮ ಮಗನಿಗೆ ಗಾರೆ ಕಲಸುವುದನ್ನು ಕಲಿಸುತ್ತೇವೆ. ಆದರೆ ವೈದ್ಯರ ಮಗನ ಪಕ್ಕದಲ್ಲಿ ನಿಲ್ಲಿಸಿ, ಇಬ್ಬರಿಗೂ ಒಂದೇ ಬಾಣಲಿ ಕೊಟ್ಟು ಕಲಿಸುತ್ತೇವೆ. ಆಮೇಲೆ ಅದೇ ಗೋಡೆಯ ನಕ್ಷೆ ಬರೆಯುವುದನ್ನೂ ಇಬ್ಬರಿಗೂ ಕಲಿಸುತ್ತೇವೆ. ಮುಂದೆ ಯಾವುದನ್ನು ಆರಿಸಿಕೊಳ್ಳುವುದೆಂದು ನಿಮ್ಮ ಮಗನೇ ತೀರ್ಮಾನಿಸಲಿ. ಹೀಗೆ ಹೇಳುವ ಅಧಿಕಾರ ನಮಗೆ ಬರಬೇಕಾದರೆ ಮೊದಲು ನಮ್ಮ ಹಿಂಬಾಗಿಲನ್ನು ಮುಚ್ಚಬೇಕು.